ಟೂ-ಸ್ಟ್ರೋಕ್ ಎಂಜಿನ್ನಿನ ರೀಡ್ ವಾಲ್ವ್ ಸುಧಾರಣೆ: ಸೋರಿಕೆ ಪರೀಕ್ಷೆಯಿಂದ ಜೆಟ್ಟಿಂಗ್‌ವರೆಗೆ

ಟೂ-ಸ್ಟ್ರೋಕ್ ಎಂಜಿನ್ ಬಳಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ರೀಡ್ ವಾಲ್ವಿನ, ಅಂದರೆ ಒಳಗೆ ಬಂದ ಮಿಶ್ರಣವನ್ನು ಹಿಂದಕ್ಕೆ ಬಿಡದ ಬಾಗಿಲಿನ, ಎಲೆಗಳನ್ನು ಬದಲಾಯಿಸಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆಯೇ, ಹೆಚ್ಚುವುದಾದರೆ ಯಾವ ಎಲೆ ಹಾಕಬೇಕು? ಎಲೆ ಯಾವುದೆಂಬುದು ಈ ಕೆಲಸದಲ್ಲಿ ಐದನೆಯ ಹಂತದಲ್ಲಿ ಬರುವ ಪ್ರಶ್ನೆ. ಅದಕ್ಕೂ ಮೊದಲು ಸೋರಿಕೆ, ಸವೆತ ಮತ್ತು ಗಾಳಿ ಹೋಗುವ ದಾರಿಯ ವಿಸ್ತೀರ್ಣ ಇವುಗಳನ್ನು ನೋಡದೆ ಹೊಸ ಎಲೆ ಕೂರಿಸಿದರೆ, ಬಂದ ಬದಲಾವಣೆ ಯಾವುದರಿಂದ ಬಂದಿತೆಂದು ಹೇಳಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೋ ಅದೇ ಕ್ರಮದಲ್ಲಿ ಇಲ್ಲಿ ವಿವರಿಸುತ್ತೇನೆ.

ಮೊದಲು ವಾಲ್ವ್ ಮಾಡುವ ಕೆಲಸವೇನೆಂದು ನೋಡೋಣ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿಯುತ್ತದೆ. ಕಾರ್ಬ್ಯುರೇಟರಿನಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಅಲ್ಲಿ ಒತ್ತಲ್ಪಟ್ಟು, ಟ್ರಾನ್ಸ್‌ಫರ್ ಪೋರ್ಟುಗಳ, ಅಂದರೆ ಕ್ರ್ಯಾಂಕ್‌ಕೇಸಿನಿಂದ ಸಿಲಿಂಡರಿಗೆ ಹೋಗುವ ಕಾಲುವೆಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ಒಳಗೆ ಬಂದದ್ದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗದಂತೆ ತಡೆಯಬೇಕು.

ಇದನ್ನು ತಡೆಯಲು ಮೂರು ಬಗೆಯ ಏರ್ಪಾಡುಗಳು ಬಳಕೆಯಲ್ಲಿವೆ. ಪಿಸ್ಟನ್ ಪೋರ್ಟ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳ ಅಂಚೇ ಒಳಹರಿವಿನ ಪೋರ್ಟನ್ನು ತೆರೆದು ಮುಚ್ಚುತ್ತದೆ. ಹಾಗಾಗಿ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 75 ಡಿಗ್ರಿ ಮೊದಲು ಪೋರ್ಟ್ ತೆರೆದರೆ, ಮೇಲ್ತುದಿ ದಾಟಿ 75 ಡಿಗ್ರಿ ಆದ ಮೇಲೆಯೇ ಅದು ಮುಚ್ಚಬೇಕು. ಎಂಜಿನ್ ನಿಧಾನವಾಗಿ ತಿರುಗುವಾಗ ಈ ತಡವಾದ ಮುಚ್ಚುವಿಕೆಯಿಂದ ಮಿಶ್ರಣ ಕಾರ್ಬ್ಯುರೇಟರಿಗೇ ಹಿಂದಿರುಗುತ್ತದೆ. ರೋಟರಿ ಡಿಸ್ಕ್ ವಾಲ್ವಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಜೊತೆ ತಿರುಗುವ ತೆಳು ತಟ್ಟೆಯ ಕೊರೆತ ಪೋರ್ಟನ್ನು ನಿಯಂತ್ರಿಸುವುದರಿಂದ ತೆರೆಯುವ ಮತ್ತು ಮುಚ್ಚುವ ಹೊತ್ತನ್ನು ಬೇರೆ ಬೇರೆಯಾಗಿ ಇಡಬಹುದು; 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಸಂಸ್ಥೆಯ ರೇಸಿಂಗ್ ವಿಭಾಗದಲ್ಲಿ ವಾಲ್ಟರ್ ಕಾಡೆನ್ ಇದನ್ನು ಬಹಳ ಎತ್ತರಕ್ಕೆ ಬೆಳೆಸಿದರು. ಮೂರನೆಯದು ರೀಡ್ ವಾಲ್ವ್. ತೆಳುವಾದ ಸ್ಪ್ರಿಂಗಿನಂಥ ಎಲೆಗಳು ಒಂದು ತುದಿಯಲ್ಲಿ ಸ್ಕ್ರೂಗಳಿಂದ ಬಿಗಿಯಲ್ಪಟ್ಟು, ಇನ್ನೊಂದು ತುದಿಯಲ್ಲಿ ಸ್ವತಂತ್ರವಾಗಿ ಏಳುತ್ತವೆ ಮತ್ತು ಕೂರುತ್ತವೆ. ಅವುಗಳಿಗೆ ಡಿಗ್ರಿಯ ಲೆಕ್ಕವಿಲ್ಲ. ಎರಡು ಬದಿಯ ಒತ್ತಡದ ವ್ಯತ್ಯಾಸವೇ ಅವುಗಳನ್ನು ನಡೆಸುತ್ತದೆ. ಯಮಹಾ ಸಂಸ್ಥೆಯ 1973ರ ಆರ್‌ಡಿ350 ಈ ವಾಲ್ವನ್ನು ರಸ್ತೆಯ ಬೈಕುಗಳಲ್ಲಿ ಜನಪ್ರಿಯಗೊಳಿಸಿದ ಎಂಜಿನ್ನುಗಳಲ್ಲಿ ಒಂದು. ಈ ಲೇಖನ ರೀಡ್ ವಾಲ್ವಿನ ಬಗ್ಗೆ ಮಾತ್ರ.

ಬೇಕಾಗುವ ಉಪಕರಣಗಳು ಹೆಚ್ಚಿಲ್ಲ. ವರ್ನಿಯರ್ ಕ್ಯಾಲಿಪರ್, 0.01 ಮಿ.ಮೀ. ತೋರಿಸುವ ಮೈಕ್ರೋಮೀಟರ್, ಫೀಲರ್ ಗೇಜ್, ಸಣ್ಣ ಪ್ರಮಾಣದ ಟಾರ್ಕ್ ಡ್ರೈವರ್, ಕಡಿಮೆ ಒತ್ತಡ ತೋರಿಸುವ ಗೇಜ್ ಇರುವ ಕೈಪಂಪು, ಹೊಸ ಗ್ಯಾಸ್ಕೆಟ್‌ಗಳು, ಮಧ್ಯಮ ಬಲದ ಥ್ರೆಡ್ ಲಾಕರ್, ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಮತ್ತು ಒಂದು ನೋಟ್‌ಪುಸ್ತಕ. ಕೆಲಸ ಮಾಡುವ ಜಾಗದಲ್ಲಿ ಗಾಳಿಯಾಡುತ್ತಿರಲಿ. ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬೌಲಿನಲ್ಲಿ ಉಳಿದ ಪೆಟ್ರೋಲನ್ನು ಪಾತ್ರೆಗೆ ಇಳಿಸಿ. ಹತ್ತಿರದಲ್ಲಿ ಬೆಂಕಿಯಾಗಲಿ ಕಿಡಿಯಾಗಲಿ ಇರಕೂಡದು.

1. ಕೊರತೆ ಯಾವ ವೇಗದಲ್ಲಿದೆ ಎಂದು ಗುರುತಿಸಿ

ಎಂಜಿನ್ ಎಲ್ಲಿ ಸೋಲುತ್ತಿದೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಕಡಿಮೆ ಆರ್‌ಪಿಎಂನಲ್ಲಿ ಎಳೆತವಿಲ್ಲದೆ, ಸ್ಟಾರ್ಟ್ ಮಾಡಲು ಕಷ್ಟವಾಗಿ, ಕಾರ್ಬ್ಯುರೇಟರಿನ ಬಾಯಲ್ಲಿ ಪೆಟ್ರೋಲಿನ ಮಂಜು ಹಿಂದಕ್ಕೆ ಹಾರುತ್ತಿದ್ದರೆ ಎಲೆಗಳು ಸರಿಯಾಗಿ ಕೂರುತ್ತಿಲ್ಲ ಎಂದು ಅನುಮಾನಿಸಬಹುದು. ಮಧ್ಯಮ ವೇಗದಲ್ಲಿ ಚೆನ್ನಾಗಿದ್ದು ಮೇಲಿನ ವೇಗದಲ್ಲಿ ಶಕ್ತಿ ಥಟ್ಟನೆ ಕುಸಿಯುತ್ತಿದ್ದರೆ ಎಲೆಗಳು ಎಂಜಿನ್ನಿನ ಲಯಕ್ಕೆ ಹೊಂದದೆ ನಡುಗುತ್ತಿರಬಹುದು. ಆದರೆ ಇದೇ ಲಕ್ಷಣವನ್ನು ಇಂಗಾಲ ಕಟ್ಟಿದ ಎಕ್ಸಾಸ್ಟ್, ಚಿಕ್ಕದಾದ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಮುಖ್ಯ ತೂತು), ಕೊಳಕು ಏರ್ ಫಿಲ್ಟರ್ ಮತ್ತು ತಪ್ಪಿದ ಇಗ್ನಿಷನ್ ಟೈಮಿಂಗ್ ಕೂಡ ತೋರಿಸುತ್ತವೆ. ಈ ನಾಲ್ಕನ್ನೂ ಮೊದಲು ಸರಿಪಡಿಸಿ. ರೀಡ್ ವಾಲ್ವಿನ ಮೇಲೆ ಹೊರಿಸುವ ದೋಷಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ ಎಂಬುದು ನನ್ನ ಅಭಿಪ್ರಾಯ.

2. ಸೋರಿಕೆ ಪರೀಕ್ಷೆ ಮಾಡಿ

ಒಳಹರಿವಿನ ಮತ್ತು ಎಕ್ಸಾಸ್ಟಿನ ಬಾಯಿಗಳನ್ನು ರಬ್ಬರ್ ಬಿರಡೆಗಳಿಂದ ಮುಚ್ಚಿ, ಕ್ರ್ಯಾಂಕ್‌ಕೇಸಿಗೆ ಕೈಪಂಪಿನಿಂದ ಸುಮಾರು 0.4 ಬಾರ್, ಅಂದರೆ 6 ಪಿಎಸ್ಐ ಒತ್ತಡ ತುಂಬಿ. ನಿಮಿಷಕ್ಕೆ 1 ಪಿಎಸ್ಐಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರಿಕೆಯಿದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆಗಳು ಜಾಗ ತೋರಿಸುತ್ತವೆ. ರೀಡ್ ಬ್ಲಾಕಿನ (ಎಲೆಗಳನ್ನು ಬಿಗಿದಿರುವ ಚೌಕಟ್ಟಿನ) ಗ್ಯಾಸ್ಕೆಟ್, ಕಾರ್ಬ್ಯುರೇಟರ್ ಮತ್ತು ಬ್ಲಾಕ್ ನಡುವಿನ ರಬ್ಬರ್ ಕೊಳವೆ, ಕ್ರ್ಯಾಂಕ್‌ಶಾಫ್ಟಿನ ಆಯಿಲ್ ಸೀಲ್‌ಗಳು ಇವೇ ಸಾಮಾನ್ಯ ಅಪರಾಧಿಗಳು.

ಈ ಹಂತವನ್ನು ದಾಟಿ ಮುಂದೆ ಹೋಗಬೇಡಿ. ಹೊರಗಿನ ಗಾಳಿ ಹೀಗೆ ನುಸುಳಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ; ಟೂ-ಸ್ಟ್ರೋಕಿನಲ್ಲಿ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರುವ ಎಂಜಿನ್ನಾದರೆ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

3. ಬ್ಲಾಕನ್ನು ಬಿಚ್ಚಿ ಪರಿಶೀಲಿಸಿ

ಬ್ಲಾಕನ್ನು ಬೆಳಕಿಗೆ ಹಿಡಿದು ಎಲೆಗಳ ಅಂಚಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಎಲೆಯ ತುದಿ ಮತ್ತು ಪೀಠದ, ಅಂದರೆ ಎಲೆ ಕೂರುವ ಮೈಯ, ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಹಲವು ಮ್ಯಾನ್ಯುಯಲ್‌ಗಳು ಇದಕ್ಕೆ 0.2 ಮಿ.ಮೀ. ಮಿತಿ ಕೊಡುತ್ತವೆ; ನಿಮ್ಮ ಎಂಜಿನ್ನಿನದು ಬೇರೆಯಿದ್ದರೆ ಅದನ್ನೇ ಪಾಲಿಸಿ. ಉಕ್ಕಿನ ಎಲೆಯಾದರೆ ಬಿಗಿದ ಅಂಚಿನ ಬಳಿ ಮತ್ತು ತುದಿಯ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ ನೋಡಿ. ಫೈಬರ್ ಎಲೆಯಾದರೆ ತುದಿಯ ನೂಲುಗಳು ಬಿಚ್ಚಿಕೊಂಡಿವೆಯೇ, ಬಿಳಿಚಿದ ಕಲೆಗಳಿವೆಯೇ ಪರೀಕ್ಷಿಸಿ. ಪೀಠದ ಮೇಲಿನ ರಬ್ಬರ್ ಲೇಪನ ಎಲೆಯ ಬಡಿತವನ್ನು ಮೃದುಗೊಳಿಸುವುದಕ್ಕಾಗಿ ಇರುವುದು. ಅದು ಕಿತ್ತುಬಂದಿದ್ದರೆ ಹೊಸ ಎಲೆಯೂ ಹೆಚ್ಚು ಕಾಲ ಬಾಳುವುದಿಲ್ಲ, ಬ್ಲಾಕನ್ನೇ ಬದಲಾಯಿಸಬೇಕು.

ಬಾಗಿದ ಎಲೆಯನ್ನು ತಿರುಗಿಸಿ ಹಾಕುವ ಪರಿಪಾಠ ಕೆಲವರಲ್ಲಿದೆ. ಆ ಹೊತ್ತಿಗೆ ಸಂದು ಮುಚ್ಚಿದಂತೆ ಕಂಡರೂ, ಈಗಾಗಲೇ ದಣಿದ ಎಲೆ ಈಗ ಎದುರು ದಿಕ್ಕಿನಲ್ಲಿ ಬಾಗಬೇಕಾಗುವುದರಿಂದ ಮುರಿಯುವ ಸಾಧ್ಯತೆ ಹೆಚ್ಚುತ್ತದೆ. ಉಕ್ಕಿನ ಎಲೆಗಳ ವಿಷಯದಲ್ಲಿ ಇದನ್ನು ಎಂದೂ ಮಾಡಬೇಡಿ: ಮುರಿದ ತುಂಡು ನೇರವಾಗಿ ಕ್ರ್ಯಾಂಕ್‌ಕೇಸಿಗೆ ಹೋಗಿ ಬೇರಿಂಗ್, ಪಿಸ್ಟನ್ ಮತ್ತು ಸಿಲಿಂಡರನ್ನು ಹಾಳುಮಾಡುತ್ತದೆ.

4. ಗಾಳಿಯ ದಾರಿಯ ವಿಸ್ತೀರ್ಣ ಲೆಕ್ಕ ಹಾಕಿ

ಬೆಣೆಯಾಕಾರದ ಬ್ಲಾಕಿನ ಎರಡು ಇಳಿಜಾರುಗಳಲ್ಲಿ ಕಿಟಕಿಗಳು, ಅಂದರೆ ಎಲೆಗಳು ಮುಚ್ಚುವ ತೂತುಗಳು ಇರುತ್ತವೆ. ಕಿಟಕಿ ಓರೆಯಾಗಿರುವುದರಿಂದ ಅದರ ಪೂರ್ತಿ ವಿಸ್ತೀರ್ಣ ಗಾಳಿಗೆ ಸಿಗುವುದಿಲ್ಲ; ಇಳಿಜಾರು ಮತ್ತು ಹರಿವಿನ ಅಕ್ಷದ ನಡುವಿನ ಕೋನದ ಸೈನ್ ಬೆಲೆಯಿಂದ ಅದನ್ನು ಗುಣಿಸಬೇಕು. ಉದಾಹರಣೆಗೆ, 12 ಮಿ.ಮೀ. ಅಗಲ ಮತ್ತು 24 ಮಿ.ಮೀ. ಉದ್ದದ ಆರು ಕಿಟಕಿಗಳಿದ್ದರೆ ಒಟ್ಟು 1,728 ಚದರ ಮಿ.ಮೀ. ಆಗುತ್ತದೆ. ಬೆಣೆಯ ಪೂರ್ಣ ಕೋನ 45 ಡಿಗ್ರಿಯಾದರೆ ಅರ್ಧ ಕೋನ 22.5 ಡಿಗ್ರಿ, ಅದರ ಸೈನ್ 0.383, ಗುಣಿಸಿದರೆ ಸುಮಾರು 662 ಚದರ ಮಿ.ಮೀ. ಬರುತ್ತದೆ. 28 ಮಿ.ಮೀ. ಕಾರ್ಬ್ಯುರೇಟರಿನ ಬಾಯಿಯ ವಿಸ್ತೀರ್ಣ ಸುಮಾರು 616. ಅಂದರೆ ಈ ಬ್ಲಾಕ್ ಈ ಕಾರ್ಬ್ಯುರೇಟರಿಗೆ ಸಾಕು.

ನಿಮ್ಮ ಲೆಕ್ಕದಲ್ಲಿ ಬ್ಲಾಕಿನ ವಿಸ್ತೀರ್ಣ ಕಾರ್ಬ್ಯುರೇಟರಿನದಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ಮಾತ್ರ ದೊಡ್ಡ ಬ್ಲಾಕಿನ ಬಗ್ಗೆ ಯೋಚಿಸಿ. ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆ ಬಹಳ ಹರಡಿದೆ. ಬ್ಲಾಕ್ ಅತಿಯಾಗಿ ದೊಡ್ಡದಾದರೆ ಗಾಳಿಯ ವೇಗ ಇಳಿಯುತ್ತದೆ, ಎಲೆಗಳು ದೊಡ್ಡದಾಗಿ ಭಾರವಾಗುತ್ತವೆ, ಮತ್ತು ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಮಂಕಾಗುತ್ತದೆ. ಕಿಟಕಿಗಳ ನಡುವಿನ ಗೆರೆಗಳನ್ನು ಅರದಿಂದ ಕತ್ತರಿಸಿ ದಾರಿ ಅಗಲಿಸುವುದೂ ಅಪಾಯದ ಕೆಲಸ: ಆ ಗೆರೆಗಳು ಎಲೆಗೆ ಆಧಾರ. ಅವು ಹೋದರೆ ಕ್ರ್ಯಾಂಕ್‌ಕೇಸಿನ ಒತ್ತಡ ಎಲೆಯನ್ನು ಕಿಟಕಿಯೊಳಕ್ಕೆ ತಳ್ಳಿ ಬಾಗಿಸುತ್ತದೆ. ಗೆರೆಗಳ ಗಾಳಿ ಬರುವ ಬದಿಯ ಚೂಪು ಅಂಚನ್ನು ನುಣುಪಾಗಿ ದುಂಡಗೆ ಮಾಡುವುದು ಮಾತ್ರ ನಿರಪಾಯ. ಎಲೆ ಕೂರುವ ಬದಿಯನ್ನು ಮುಟ್ಟಬಾರದು.

5. ಎಲೆಯ ವಸ್ತು, ದಪ್ಪ ಮತ್ತು ಉದ್ದ ನಿರ್ಧರಿಸಿ

ಇದೇ ಈ ಕೆಲಸದ ತಿರುಳು. ಎಲೆಗೆ ಎರಡು ಗುಣಗಳಿವೆ, ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದು ಬಿಗಿತ, ಅಂದರೆ ಎಲೆಯನ್ನು ಬಾಗಿಸಲು ಎಷ್ಟು ಬಲ ಬೇಕು ಎಂಬುದು. ಇನ್ನೊಂದು ಸಹಜ ಆವರ್ತನ, ಅಂದರೆ ಎಲೆಯನ್ನು ಬಾಗಿಸಿ ಬಿಟ್ಟರೆ ಅದು ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆ ಎಂಬುದು. ಬಿಗಿತ ಕಡಿಮೆಯಿದ್ದರೆ ಸಣ್ಣ ಒತ್ತಡಕ್ಕೂ ಎಲೆ ಬೇಗ ತೆರೆಯುತ್ತದೆ. ಸಹಜ ಆವರ್ತನ ಹೆಚ್ಚಿದ್ದರೆ ಎಂಜಿನ್ ವೇಗವಾಗಿ ತಿರುಗುವಾಗಲೂ ಎಲೆ ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ. ಎಂಜಿನ್ನಿನ ಗರಿಷ್ಠ ವೇಗದ ಆವರ್ತನಕ್ಕಿಂತ ಎಲೆಯ ಸಹಜ ಆವರ್ತನ ಸಾಕಷ್ಟು ಮೇಲಿರಬೇಕು. 10,000 ಆರ್‌ಪಿಎಂ ಎಂದರೆ ಸೆಕೆಂಡಿಗೆ ಸುಮಾರು 167 ಬಾರಿ.

ಒಂದೇ ದಪ್ಪದ ಸಮತಟ್ಟಾದ ಎಲೆಗೆ ಲೆಕ್ಕ ಹೀಗೆ:

ಸಹಜ ಆವರ್ತನ = 0.1615 × (ದಪ್ಪ ÷ ಉದ್ದ²) × √(ಸ್ಥಿತಿಸ್ಥಾಪಕಾಂಕ ÷ ಸಾಂದ್ರತೆ)

ಇಲ್ಲಿ ಉದ್ದ ಎಂದರೆ ಬಿಗಿದ ಅಂಚಿನಿಂದ ತುದಿಯವರೆಗಿನ ಸ್ವತಂತ್ರ ಭಾಗ. ಸ್ಥಿತಿಸ್ಥಾಪಕಾಂಕ ಎಂದರೆ ವಸ್ತು ಹಿಗ್ಗಲು ಒಡ್ಡುವ ಪ್ರತಿರೋಧದ ಅಳತೆ. ಅಳತೆಗಳನ್ನೆಲ್ಲ ಮೀಟರ್, ಪಾಸ್ಕಲ್ ಮತ್ತು ಕಿಲೋಗ್ರಾಂಗಳಲ್ಲೇ ಇಟ್ಟುಕೊಳ್ಳಿ. ಮಿಲಿಮೀಟರಿನಲ್ಲಿ ಹಾಕಿ ತಪ್ಪು ಉತ್ತರ ಪಡೆಯುವವರು ಅನೇಕರು.

ಮೂರು ಎಲೆಗಳನ್ನು ಹೋಲಿಸಿ ನೋಡಿ, ಮೂರರ ಸ್ವತಂತ್ರ ಉದ್ದವೂ 30 ಮಿ.ಮೀ. ಇರಲಿ. ಉಕ್ಕಿಗೆ 200 ಗಿಗಾಪಾಸ್ಕಲ್ ಮತ್ತು ಘನಮೀಟರಿಗೆ 7,850 ಕಿಲೋಗ್ರಾಂ ಎಂದು ಹಿಡಿದರೆ, 0.20 ಮಿ.ಮೀ. ದಪ್ಪದ ಎಲೆಯ ಸಹಜ ಆವರ್ತನ ಸುಮಾರು 180. ಗ್ಲಾಸ್ ಫೈಬರಿಗೆ 21.5 ಗಿಗಾಪಾಸ್ಕಲ್ ಮತ್ತು 1,850 ಕಿಲೋಗ್ರಾಂ ಹಿಡಿದರೆ, 0.40 ಮಿ.ಮೀ. ಎಲೆಗೆ ಸುಮಾರು 245. ಕಾರ್ಬನ್ ಫೈಬರಿನ ಗುಣ ನೇಯ್ಗೆಯ ಮೇಲೆ ಬಹಳ ಬದಲಾಗುತ್ತದೆ. 60 ಗಿಗಾಪಾಸ್ಕಲ್ ಮತ್ತು 1,550 ಕಿಲೋಗ್ರಾಂ ಇರುವ ಹಾಳೆಯಲ್ಲಿ ಮಾಡಿದ 0.30 ಮಿ.ಮೀ. ಎಲೆಗೆ ಸುಮಾರು 335.

ಈಗ ಗಮನಿಸಬೇಕಾದ ಅಂಶ ಬರುತ್ತದೆ. ಮೇಲಿನ 0.20 ಮಿ.ಮೀ. ಉಕ್ಕಿನ ಎಲೆಯ ಬಿಗಿತವೂ 0.30 ಮಿ.ಮೀ. ಕಾರ್ಬನ್ ಎಲೆಯ ಬಿಗಿತವೂ ಹೆಚ್ಚುಕಡಿಮೆ ಒಂದೇ. ಎರಡೂ ಒಂದೇ ಒತ್ತಡಕ್ಕೆ ತೆರೆಯುತ್ತವೆ, ಆದರೆ ಕಾರ್ಬನ್ ಎಲೆ ಹಗುರವಾಗಿರುವುದರಿಂದ ಬಹುಮಟ್ಟಿಗೆ ಎರಡರಷ್ಟು ವೇಗದಲ್ಲಿ ಸ್ಪಂದಿಸುತ್ತದೆ. ಕಾರ್ಬನ್ನಿನ ಲಾಭವಿರುವುದು ಈ ಹಗುರತನದಲ್ಲಿ. ಇದನ್ನು ತಿಳಿಯದೆ, ಕಾರ್ಬನ್ ಎಂದರೆ ಬಿಗಿಯಾದದ್ದು, ದಪ್ಪವಾದಷ್ಟೂ ಮೇಲು ಎಂದುಕೊಂಡು ಅತಿ ದಪ್ಪದ ಎಲೆ ಕೊಂಡವರು, ಕೆಳಗಿನ ವೇಗದಲ್ಲಿ ತೆರೆಯಲೊಲ್ಲದ ವಾಲ್ವನ್ನು ಪಡೆಯುತ್ತಾರೆ.

ದಪ್ಪದ ಸಣ್ಣ ಬದಲಾವಣೆಯೂ ದೊಡ್ಡ ಪರಿಣಾಮ ಮಾಡುತ್ತದೆ. ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, 0.35 ಮಿ.ಮೀ. ಎಲೆಯ ಬದಲು 0.40 ಹಾಕಿದರೆ ಬಿಗಿತ ಸುಮಾರು ಶೇ. 49ರಷ್ಟು ಹೆಚ್ಚುತ್ತದೆ, ಆವರ್ತನ ಮಾತ್ರ ಶೇ. 14ರಷ್ಟೇ ಏರುತ್ತದೆ. ಸ್ವತಂತ್ರ ಉದ್ದವನ್ನು ಶೇ. 10 ಕಡಿಮೆ ಮಾಡಿದರೆ ಬಿಗಿತ ಶೇ. 37, ಆವರ್ತನ ಶೇ. 23 ಏರುತ್ತವೆ. ಹಾಗಾಗಿ ಒಮ್ಮೆಗೆ 0.05 ಮಿ.ಮೀ.ಗಿಂತ ಹೆಚ್ಚು ಬದಲಾವಣೆ ಮಾಡಬೇಡಿ, ಮತ್ತು ಪೊಟ್ಟಣದ ಮೇಲೆ ಬರೆದ ದಪ್ಪವನ್ನು ನಂಬದೆ ಮೈಕ್ರೋಮೀಟರಿನಿಂದ ನೀವೇ ಅಳೆಯಿರಿ.

ಎರಡು ಹಂತದ ಎಲೆಗಳೂ ಸಿಗುತ್ತವೆ: ನಡುವೆ ಕಿಟಕಿ ಕೊರೆದ ದಪ್ಪ ಎಲೆಯ ಮೇಲೆ ತೆಳು ಎಲೆ ಕೂತಿರುತ್ತದೆ. ಕಡಿಮೆ ವೇಗದಲ್ಲಿ ತೆಳುವಾದದ್ದು ಮಾತ್ರ ತೆರೆಯುತ್ತದೆ, ವೇಗ ಏರಿದಂತೆ ದಪ್ಪದ್ದೂ ಏಳುತ್ತದೆ. ರಸ್ತೆಯಲ್ಲಿ ದಿನನಿತ್ಯ ಓಡಿಸುವ ಎಂಜಿನ್ನಿಗೆ ಇದು ಒಳ್ಳೆಯ ಆಯ್ಕೆ.

6. ತಡೆಪಟ್ಟಿಯ ಎತ್ತರವನ್ನು ತಿಳಿಯದೆ ಬದಲಿಸಬೇಡಿ

ಎಲೆಯ ಮೇಲೆ ಬಾಗಿದ ಲೋಹದ ಪಟ್ಟಿಯೊಂದಿರುತ್ತದೆ. ಎಲೆ ಎಷ್ಟು ಏಳಬಹುದೆಂಬುದಕ್ಕೆ ಅದು ಮಿತಿ. ಅದನ್ನು ಬಗ್ಗಿಸಿ ಎತ್ತರಿಸಿದರೆ ಹೆಚ್ಚು ಗಾಳಿ ಬರುತ್ತದೆಂದು ಹಲವರು ತಿಳಿದಿದ್ದಾರೆ. ನಾಲ್ಕನೆಯ ಹಂತದ ಬ್ಲಾಕನ್ನೇ ತೆಗೆದುಕೊಳ್ಳಿ: ಪ್ರತಿ ಬದಿಯ ಎಲೆಯ ತುದಿ 44 ಮಿ.ಮೀ. ಅಗಲವಿದ್ದು 8 ಮಿ.ಮೀ. ಎದ್ದರೆ, ಎರಡು ಬದಿಯ ತುದಿಗಳಲ್ಲೇ 704 ಚದರ ಮಿ.ಮೀ. ದಾರಿ ತೆರೆಯುತ್ತದೆ. ಕಿಟಕಿಗಳು ಕೊಡುವುದೇ 662. ಪಟ್ಟಿಯನ್ನು ಇನ್ನೂ ಎತ್ತರಿಸಿದರೆ ಗಾಳಿಗೆ ಲಾಭವಿಲ್ಲ. ಎಲೆ ಹೆಚ್ಚು ದೂರ ಹೋಗಿ ಹಿಂದಿರುಗಬೇಕಾದ್ದರಿಂದ ಮುಚ್ಚುವುದು ತಡವಾಗುತ್ತದೆ, ಪೀಠಕ್ಕೆ ಬಡಿಯುವ ಪೆಟ್ಟೂ ಜೋರಾಗುತ್ತದೆ. ಅಲ್ಲದೆ ಒಂದೇ ಎತ್ತರಕ್ಕೆ ಏಳುವಾಗ ದಪ್ಪ ಎಲೆಯ ಬುಡದಲ್ಲಿ ತೆಳು ಎಲೆಗಿಂತ ಹೆಚ್ಚು ಆಯಾಸ ಉಂಟಾಗುತ್ತದೆ. ಉಕ್ಕಿನ ಎಲೆಯಿದ್ದಾಗ ಪಟ್ಟಿಯನ್ನು ತೆಗೆದುಹಾಕುವುದಂತೂ ಸಲ್ಲದು.

7. ಬ್ಲಾಕಿನ ಆಚೆಗಿನ ದಾರಿಯನ್ನು ಗಮನಿಸಿ

ಟ್ಯೂನ್ ಮಾಡಿದ ಎಕ್ಸಾಸ್ಟ್ ಇರುವ ಎಂಜಿನ್ನಿನಲ್ಲಿ, ಪಿಸ್ಟನ್ ಕೆಳತುದಿಯ ಹತ್ತಿರವಿರುವಾಗ ಎಕ್ಸಾಸ್ಟಿನ ಅಗಲವಾಗುವ ಭಾಗದಿಂದ ಹಿಂದಿರುಗುವ ಇಳಿ ಒತ್ತಡದ ಅಲೆ ಸಿಲಿಂಡರನ್ನೂ, ತೆರೆದಿರುವ ಟ್ರಾನ್ಸ್‌ಫರ್ ಪೋರ್ಟುಗಳನ್ನೂ ದಾಟಿ ಕ್ರ್ಯಾಂಕ್‌ಕೇಸನ್ನು ತಲುಪುತ್ತದೆ. ಆಗ ಪಿಸ್ಟನ್ ಏರಲು ತೊಡಗುವ ಮೊದಲೇ ರೀಡ್ ತೆರೆಯಬಲ್ಲದು. ಪಿಸ್ಟನ್ನಿನ ಕೆಳಭಾಗ ಆ ಹೊತ್ತಿನಲ್ಲಿ ಬ್ಲಾಕಿನ ಮುಂದೆ ಅಡ್ಡಲಾಗಿದ್ದರೆ ಈ ಅವಕಾಶ ವ್ಯರ್ಥವಾಗುತ್ತದೆ. ಸಿಲಿಂಡರಿಗೆ ಜೋಡಿಸಿದ ಬ್ಲಾಕುಗಳಲ್ಲಿ ಪಿಸ್ಟನ್ನಿಗೆ ಕಿಟಕಿ ಇಡುವುದಕ್ಕೂ, ಬ್ಲಾಕಿನಿಂದ ನೇರವಾಗಿ ಸಿಲಿಂಡರಿಗೆ ಹೋಗುವ ಬೂಸ್ಟ್ ಪೋರ್ಟ್ ಎಂಬ ಹೆಚ್ಚುವರಿ ಕಾಲುವೆಗೂ ಇದೇ ಕಾರಣ. ಪಿಸ್ಟನ್ನಿಗೆ ನೀವೇ ಕಿಟಕಿ ಕೊರೆಯಬೇಡಿ. ಆಕಾರ ತಪ್ಪಿದರೆ ಮೂಲೆಯಿಂದ ಬಿರುಕು ಹುಟ್ಟುತ್ತದೆ. ಆ ಎಂಜಿನ್ನಿಗಾಗಿಯೇ ತಯಾರಾದ ಪಿಸ್ಟನ್ ಸಿಕ್ಕರೆ ಮಾತ್ರ ಬಳಸಿ.

ಸ್ಪೇಸರ್, ಅಂದರೆ ನಡುವೆ ಇಡುವ ದಪ್ಪ ತುಂಡು, ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಅದರ ಪರಿಣಾಮ ಬದಲಾಗುತ್ತದೆ. ಕಾರ್ಬ್ಯುರೇಟರ್ ಮತ್ತು ಬ್ಲಾಕ್ ನಡುವೆ ಇಟ್ಟರೆ ಒಳಹರಿವಿನ ಕೊಳವೆ ಉದ್ದವಾಗಿ, ಸಾಮಾನ್ಯವಾಗಿ ಕೆಳಗಿನ ವೇಗಕ್ಕೆ ಅನುಕೂಲವಾಗುತ್ತದೆ. ಬ್ಲಾಕ್ ಮತ್ತು ಕ್ರ್ಯಾಂಕ್‌ಕೇಸ್ ನಡುವೆ ಇಟ್ಟರೆ ಕ್ರ್ಯಾಂಕ್‌ಕೇಸಿನ ಗಾತ್ರ ಹೆಚ್ಚುತ್ತದೆ. 125 ಸಿ.ಸಿ. ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ ಪಿಸ್ಟನ್ ಕೆಳತುದಿಯಲ್ಲಿರುವಾಗ 310 ಸಿ.ಸಿ. ಜಾಗವಿದ್ದರೆ, ಅದರ ಒತ್ತುವ ಅನುಪಾತ 435 ಭಾಗಿಸು 310, ಅಂದರೆ 1.40. ಅಲ್ಲಿ 40 ಮತ್ತು 60 ಮಿ.ಮೀ. ಬಾಯಿಯ, 10 ಮಿ.ಮೀ. ದಪ್ಪದ ಸ್ಪೇಸರ್ ಇಟ್ಟರೆ 24 ಸಿ.ಸಿ. ಸೇರಿ ಅನುಪಾತ 1.37ಕ್ಕೆ ಇಳಿಯುತ್ತದೆ, ಅಂದರೆ ಮಿಶ್ರಣ ಮೊದಲಿನಷ್ಟು ಒತ್ತಲ್ಪಡುವುದಿಲ್ಲ.

8. ಜೋಡಿಸುವುದು

ಎಲೆಗೆ ಸಹಜವಾದ ಸಣ್ಣ ಬಾಗು ಇದ್ದರೆ ಅದರ ತುದಿ ಪೀಠದ ಕಡೆಗೆ ಒತ್ತುವಂತೆ ಇಡಿ. ಕತ್ತರಿಸಿದ ಮೂಲೆಯ ಗುರುತಿದ್ದರೆ ಎಲೆ ಮತ್ತು ತಡೆಪಟ್ಟಿಯ ಗುರುತುಗಳು ಒಂದೇ ಕಡೆ ಬರಬೇಕು. ಎಲೆ ಕಿಟಕಿಯ ಎಲ್ಲ ಅಂಚುಗಳನ್ನೂ ಸಮನಾಗಿ ಮುಚ್ಚಿರಲಿ. ಸ್ಕ್ರೂಗಳ ಎಣ್ಣೆ ಜಿಡ್ಡು ತೆಗೆದು, ಒಂದು ಹನಿ ಥ್ರೆಡ್ ಲಾಕರ್ ಹಾಕಿ, ನಡುವಿನಿಂದ ಹೊರಕ್ಕೆ ಬಿಗಿಯಿರಿ. 3 ಮಿ.ಮೀ. ಸ್ಕ್ರೂಗೆ ಸುಮಾರು 1 ನ್ಯೂಟನ್ ಮೀಟರ್ ಬಿಗಿತ ಸಾಕಾಗುತ್ತದೆ. ಕೈಯ ಅಂದಾಜಿನಲ್ಲಿ ಇದನ್ನು ದಾಟುವುದು ಬಹಳ ಸುಲಭ, ದಾಟಿದರೆ ಬ್ಲಾಕಿನ ಥ್ರೆಡ್ ಕಿತ್ತುಬರುತ್ತದೆ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಎಲ್ಲ ಮುಗಿದ ಮೇಲೆ ಎರಡನೆಯ ಹಂತದ ಸೋರಿಕೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

9. ಕಾರ್ಬ್ಯುರೇಟರ್ ಹೊಂದಿಸಿ, ಅಳೆದು ನೋಡಿ

ಹಿಂದಕ್ಕೆ ಹೋದ ಮಿಶ್ರಣ ಕಾರ್ಬ್ಯುರೇಟರಿನ ಮೂಲಕ ಮತ್ತೆ ಮತ್ತೆ ಹಾದಾಗ ಪ್ರತಿ ಸಲವೂ ಪೆಟ್ರೋಲ್ ಹೀರಿಕೊಳ್ಳುತ್ತದೆ. ವಾಲ್ವ್ ಸರಿಯಾಗಿ ಮುಚ್ಚತೊಡಗಿದರೆ ಈ ಹೆಚ್ಚುವರಿ ಪೆಟ್ರೋಲ್ ನಿಂತುಹೋಗುತ್ತದೆ. ಹಾಗಾಗಿ ಹಳೆಯ ಜೆಟ್ಟಿಂಗ್, ಅಂದರೆ ಜೆಟ್ಟುಗಳ ಅಳತೆಯ ಹೊಂದಾಣಿಕೆ, ಹೊಸ ವಾಲ್ವಿಗೆ ಹೊಂದದೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಅದು ತೆಳುವಾಗಬಹುದು. ಮೇಲಿನ ವೇಗದಲ್ಲಿ ಗಾಳಿ ಹೆಚ್ಚು ಬಂದರೆ ಅಲ್ಲೂ ಪೆಟ್ರೋಲ್ ಹೆಚ್ಚು ಬೇಕು. ಆದ್ದರಿಂದ ಮೊದಲ ಓಟಕ್ಕೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಯೇ ಇಟ್ಟು, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡುತ್ತ ಕ್ರಮೇಣ ಇಳಿಸಿ. ಬೆಳ್ಳಗಾದ ಪ್ಲಗ್ ಕಂಡರೆ ಓಟ ನಿಲ್ಲಿಸಿ ಮತ್ತೆ ದೊಡ್ಡ ಜೆಟ್ಟಿಗೆ ಹಿಂತಿರುಗಿ.

ಹೋಲಿಕೆ ಮಾಡುವಾಗ ಒಮ್ಮೆಗೆ ಒಂದೇ ಬದಲಾವಣೆ ಇರಲಿ. ಒಂದೇ ದಾರಿಯಲ್ಲಿ, ಒಂದೇ ಗೇರಿನಲ್ಲಿ, ಒಂದು ಗೊತ್ತಾದ ಆರ್‌ಪಿಎಂನಿಂದ ಇನ್ನೊಂದಕ್ಕೆ ಏರಲು ಬೇಕಾದ ಸಮಯವನ್ನು ಎರಡು ದಿಕ್ಕಿನಲ್ಲೂ ಅಳೆದು ಸರಾಸರಿ ತೆಗೆದುಕೊಳ್ಳಿ. ಗಾಳಿಯ ಉಷ್ಣಾಂಶವನ್ನೂ ಬರೆದಿಡಿ, ಏಕೆಂದರೆ ಬಿಸಿಗಾಳಿ ವಿರಳವಾಗಿದ್ದು ಶಕ್ತಿಯನ್ನು ತಾನಾಗಿಯೇ ಇಳಿಸುತ್ತದೆ. ಶಬ್ದ ಗಡುಸಾದರೆ ಎಂಜಿನ್ ಚುರುಕಾಯಿತೆಂದು ಅನ್ನಿಸುವುದು ಸಹಜ, ಆದರೆ ನೋಟ್‌ಪುಸ್ತಕದ ಅಂಕಿ ಏರದಿದ್ದರೆ ಹಳೆಯ ಎಲೆಗೆ ಹಿಂತಿರುಗಲು ಹಿಂಜರಿಯಬೇಡಿ.

ಹೊಸ ಎಲೆಗಳನ್ನು ಮೊದಲ ಟ್ಯಾಂಕ್ ಪೆಟ್ರೋಲ್ ಮುಗಿದ ಕೂಡಲೇ ಒಮ್ಮೆ ಬಿಚ್ಚಿ ನೋಡಿ. ತುದಿಯ ನೂಲು ಬಿಚ್ಚಿಕೊಳ್ಳಲು ಶುರುವಾಗಿದ್ದರೆ ಎಲೆ ನಡುಗುತ್ತಿದೆ ಎಂದರ್ಥ. ಐದನೆಯ ಹಂತಕ್ಕೆ ಮರಳಿ ಆವರ್ತನದ ಲೆಕ್ಕ ನೋಡಿ. ಒಂದು ಎಲೆ ಹಾಳಾಗಿದ್ದರೂ ಎರಡೂ ಬದಿಯವನ್ನು ಒಟ್ಟಿಗೆ ಬದಲಾಯಿಸಿ.